ಬಾಡಿಗೆಗೆ ಕೊಡಲಿ, ಆದರೆ ಮನೆಯವರೂ ಅಲ್ಲಿರಲಿ

ಮಾನ್ಯ ಸಂಪಾದಕರೇ,

ಚಿತ್ರದುರ್ಗದ ದೊಡ್ಡಪೇಟೆ, ಚಿಕ್ಕಪೇಟೆಗಳಲ್ಲಿ ವರ್ಷಗಟ್ಟಲೆ ಬೀಗ ಬಿದ್ದಿರುವ ಹಳೆಯ ಮಾಳಿಗೆ ಮನೆಗಳನ್ನು ದುರಸ್ತಿ ಮಾಡಿಸಿ, ಕೋಟೆ ನೋಡಲು ಬರುವವರಿಗೆ ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ಟರೆ ಹೇಗೆ ಎಂಬ ಮಾತು ಈಚೆಗೆ ನಮ್ಮ ಓಣಿಯ ಕಟ್ಟೆಗಳ ಮೇಲೆ ಆಗಾಗ ಕೇಳಿಬರುತ್ತಿದೆ. ಬೆಳಿಗ್ಗೆ ಬಂದವರು ಏಳು ಸುತ್ತಿನ ಕೋಟೆ ಹತ್ತಿಳಿದು, ಓಬವ್ವನ ಕಿಂಡಿಯೆದುರು ಫೋಟೊ ತೆಗೆಸಿಕೊಂಡು, ಮಧ್ಯಾಹ್ನದ ಹೊತ್ತಿಗೆ ಹೆದ್ದಾರಿ ಹಿಡಿದುಬಿಡುತ್ತಾರೆ. ಅವರು ಒಂದು ರಾತ್ರಿ ಊರೊಳಗೆ ಉಳಿದರೆ ನಾಲ್ಕು ಜನರಿಗೆ ದುಡಿಮೆಯಾಗುತ್ತದೆ ಎಂಬುದು ನಿಜ. ನಾನು ಇದಕ್ಕೆ ವಿರೋಧಿಯಲ್ಲ. ಆದರೆ ದೂರದ ಹಳೆಯ ಪೇಟೆಯೊಂದರ ಇಂಥದೇ ಮನೆಯಲ್ಲಿ ಬಾಡಿಗೆಗೆ ಒಂಬತ್ತು ರಾತ್ರಿ ಇದ್ದು ಬಂದವಳಾದ್ದರಿಂದ, ಒಂದು ಷರತ್ತನ್ನು ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ಜರ್ಮನಿಯಲ್ಲಿ ಕೆಲಸದಲ್ಲಿರುವ ಮಗಳು 2024ರ ಅಕ್ಟೋಬರ್‌ನಲ್ಲಿ ನನ್ನನ್ನೂ ನಮ್ಮ ಯಜಮಾನರನ್ನೂ ಇಟಲಿಯ ಫ್ಲಾರೆನ್ಸ್‌ಗೆ ಕರೆದುಕೊಂಡು ಹೋಗಿದ್ದಳು. ಮೂವರಿಗೆ ಹೋಟೆಲು ದುಬಾರಿ, ಮೇಲಾಗಿ ನಮಗೆ ರಾತ್ರಿಗೆ ಅನ್ನ ಸಾರು ಇಲ್ಲದಿದ್ದರೆ ಆಗದು. ಹಾಗಾಗಿ ಒಲ್ಟ್ರಾರ್ನೊ ಎಂಬ ಹಳೆಯ ಪೇಟೆಯಲ್ಲಿ ಅಡುಗೆಮನೆಯಿರುವ ಅಪಾರ್ಟ್‌ಮೆಂಟೊಂದನ್ನು ಹಿಡಿದಿದ್ದೆವು. ಒಲ್ಟ್ರಾರ್ನೊ ಎಂದರೆ ಆರ್ನೊ ನದಿಯ ಆಚೆ, ನಾವು ಹೊಳೆಯಾಚೆ ಎನ್ನುವ ಹಾಗೆ. 1345ರಲ್ಲಿ ಕಟ್ಟಿದ ಪೊಂಟೆ ವೆಕ್ಕಿಯೊ ಸೇತುವೆಯನ್ನು ದಾಟಿದರೆ ಸಿಗುವ ಈ ಭಾಗದಲ್ಲಿ ಚರ್ಮದ ಕೆಲಸದವರು, ಚಿತ್ರದ ಚೌಕಟ್ಟಿಗೆ ಚಿನ್ನದ ರೇಕು ಹಚ್ಚುವವರು, ಪುಸ್ತಕಕ್ಕೆ ರಟ್ಟು ಕಟ್ಟುವವರು ತಲೆಮಾರುಗಳಿಂದ ಬದುಕಿದ್ದಾರೆ. ಊರಿನ ಹಳೆಯ ಭಾಗವಿಡೀ 1982ರಿಂದ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ.

ಮನೆ ಹುಡುಕುವುದರಲ್ಲೇ ಅರ್ಧ ಗಂಟೆ ಹೋಯಿತು. ಆ ಊರಿನಲ್ಲಿ ಅಂಗಡಿಗಳಿಗೆ ಕೆಂಪು ಅಂಕಿ, ವಾಸದ ಮನೆಗಳಿಗೆ ಕಪ್ಪು ಅಥವಾ ನೀಲಿ ಅಂಕಿ. ಎರಡೂ ತಮ್ಮ ತಮ್ಮ ಸಾಲಿನಲ್ಲಿ ಸಾಗುವುದರಿಂದ ಒಂದೇ ಬೀದಿಯಲ್ಲಿ ಒಂದೇ ಸಂಖ್ಯೆ ಎರಡು ಕಡೆ ಬರುತ್ತದೆ. ಇದು ತಿಳಿಯದ ನಾವು ಪೆಟ್ಟಿಗೆಗಳನ್ನು ಎಳೆದುಕೊಂಡು ಚೌಕಟ್ಟಿನ ಅಂಗಡಿಯೊಂದರ ಮುಂದೆ ನಿಂತು ಬಾಗಿಲು ಬಡಿಯುತ್ತಿದ್ದೆವು. ಕೊನೆಗೆ ಸರಿಯಾದ ಬಾಗಿಲು ಸಿಕ್ಕಾಗ ಅಲ್ಲಿ ನಮ್ಮನ್ನು ಎದುರುಗೊಳ್ಳಲು ಯಾರೂ ಇರಲಿಲ್ಲ. ಗೋಡೆಗೆ ತಗುಲಿಹಾಕಿದ್ದ, ಅಂಗೈಯಗಲದ ಕಬ್ಬಿಣದ ಡಬ್ಬಿಯೊಂದರಲ್ಲಿ ನಾಲ್ಕು ಅಂಕಿ ತಿರುಗಿಸಿದರೆ ಬೀಗದ ಕೈ ಬೀಳುತ್ತಿತ್ತು. ಅಂಥ ಡಬ್ಬಿಗಳು ಅದೇ ಬಾಗಿಲ ಪಕ್ಕದಲ್ಲಿ ಒಟ್ಟು ಐದು ಇದ್ದವು. ಲಿಫ್ಟ್ ಇಲ್ಲದ ಮೂರನೇ ಮಹಡಿಗೆ ಎಪ್ಪತ್ತೆರಡು ಕಲ್ಲಿನ ಮೆಟ್ಟಿಲು. ಹತ್ತುವಾಗ ನಮ್ಮ ಯಜಮಾನರು, ‘ಇದಕ್ಕಿಂತ ನಮ್ಮ ಕೋಟೆಯೇ ವಾಸಿ’ ಎಂದರು.

ಮನೆ ಚೆನ್ನಾಗಿಯೇ ಇತ್ತು. ಮರದ ತೊಲೆಗಳ ಸೂರು, ನೆಲಕ್ಕೆ ಸುಟ್ಟ ಮಣ್ಣಿನ ಬಿಲ್ಲೆ, ಕಿಟಕಿ ತೆರೆದರೆ ಸಾಲು ಹೆಂಚಿನ ಮಾಡುಗಳು. ಆದರೆ ಎರಡನೇ ದಿನ ಸಂಜೆ ಕರೆಂಟ್ ಒಲೆಯ ಮೇಲೆ ಸಾರು ಕುದಿಯುತ್ತಿರುವಾಗಲೇ ಮಗಳು ಬಟ್ಟೆ ಒಗೆಯುವ ಯಂತ್ರ ಹಾಕಿದ್ದೇ ತಡ, ಇಡೀ ಮನೆ ಕತ್ತಲಾಯಿತು. ಇಟಲಿಯ ಮನೆಗಳಿಗೆ ಸಾಮಾನ್ಯವಾಗಿ 3 ಕಿಲೊವ್ಯಾಟ್‌ನ ಸಂಪರ್ಕವಷ್ಟೇ ಇರುತ್ತದೆ. ಅದನ್ನು ಮೀರಿದರೆ ಮೀಟರು ತಾನಾಗಿಯೇ ಕಡಿದುಕೊಳ್ಳುತ್ತದೆ ಎಂಬುದು ನಮಗೇನು ಗೊತ್ತು? ಬೇರೆ ಊರಿನಲ್ಲಿದ್ದ ಮಾಲೀಕರಿಗೆ ಮಾಡಿದ ಕರೆಗೆ ಉತ್ತರ ಬರಲಿಲ್ಲ. ಆಗ ಟಾರ್ಚ್ ಹಿಡಿದು ಮೇಲೆ ಬಂದವರು ಎರಡನೇ ಮಹಡಿಯ ಅಜ್ಜಿ. ಮೀಟರು ಕೆಳಗೆ, ಬೀದಿ ಬಾಗಿಲ ಹಿಂದಿನ ಗೂಡಿನಲ್ಲಿದೆ ಎಂದು ತೋರಿಸಿ, ಒಂದು ಉರಿಯುವಾಗ ಇನ್ನೊಂದು ಹಾಕಬೇಡಿರೆಂದು ಕೈಸನ್ನೆಯಲ್ಲೇ ಹೇಳಿಕೊಟ್ಟರು.

ಆಮೇಲೆ ಎಲ್ಲದಕ್ಕೂ ಆ ಅಜ್ಜಿಯೇ. ದಪ್ಪ ಕಲ್ಲುಗೋಡೆಯ ಮನೆಯಲ್ಲಿ ರಾತ್ರಿ ಚಳಿ ಹಿಡಿದು, ಹೀಟರ್ ಏಕೆ ಹಾಕಿಸುತ್ತಿಲ್ಲವೆಂದು ಮಗಳು ಮಾಲೀಕರ ಮೇಲೆ ರೇಗುತ್ತಿದ್ದಾಗ, ಆ ಊರಿನಲ್ಲಿ ನವೆಂಬರ್ 1ಕ್ಕೆ ಮೊದಲು ಮನೆ ಕಾಯಿಸಲು ಕಾನೂನೇ ಬಿಡುವುದಿಲ್ಲ, ಏಪ್ರಿಲ್ 15ಕ್ಕೆ ಮತ್ತೆ ಆರಿಸಬೇಕು ಎಂದು ತಿಳಿಸಿ, ಎರಡು ಉಣ್ಣೆಯ ಹೊದಿಕೆ ತಂದುಕೊಟ್ಟರು. ಚಳ್ಳಕೆರೆಯ ಕಂಬಳಿಯ ಒರಟೇ ಇದ್ದ ಅವನ್ನು ಹೊದ್ದು ಮಲಗಿದ ನನಗೆ ನಮ್ಮೂರೇ ನೆನಪಾಯಿತು. ನಾವು ಚಹಾದ ಚರಟವನ್ನು ಪ್ಲಾಸ್ಟಿಕ್ಕಿನ ಜೊತೆ ಕಟ್ಟಿಟ್ಟಿದ್ದನ್ನು ಕಂಡು, ಮೆಟ್ಟಿಲ ಮೇಲೆಯೇ ಕುಳಿತು ಚೀಲ ಬಿಚ್ಚಿ, ಹಸಿ, ಕಾಗದ, ಗಾಜು ಎಂದು ಬೇರೆ ಮಾಡಿದವರೂ ಅವರೇ. ನಾಚಿಕೆಯಾಗಿ ನಾನೂ ಪಕ್ಕದಲ್ಲಿ ಕುಳಿತೆ. ಮಗಳ ಮೊಬೈಲಿನ ಅನುವಾದದ ನೆರವಿನಿಂದ ಅಂದು ಅವರು ಹೇಳಿದ್ದಿಷ್ಟು: 1966ರ ನವೆಂಬರ್ 4ರಂದು ಆರ್ನೊ ನದಿ ಉಕ್ಕಿ ಊರೊಳಗೆ ನುಗ್ಗಿದಾಗ ಈ ಕಟ್ಟಡದ ಆರೂ ಮನೆಗಳಲ್ಲಿ ಸಂಸಾರಗಳಿದ್ದವು, ಕೆಳಗಿನವರೆಲ್ಲ ಮೇಲಿನವರ ಮನೆಯಲ್ಲಿ ರಾತ್ರಿ ಕಳೆದಿದ್ದರು, ಈಗ ಐದು ಮನೆ ಪ್ರವಾಸಿಗರಿಗೆ, ಉಳಿದಿರುವುದು ತಾವೊಬ್ಬರೇ. ಬಾಗಿಲ ಬಳಿಯ ಐದು ಡಬ್ಬಿಗಳ ಲೆಕ್ಕ ನನಗೆ ಆಗ ಕೂಡಿಬಂತು.

ಇದು ಆ ಒಂದು ಕಟ್ಟಡದ ಕಥೆಯಲ್ಲ. ವೆನಿಸ್‌ನ ದ್ವೀಪನಗರದಲ್ಲಿ 1951ರ ಸುಮಾರಿಗೆ 1,75,000ದಷ್ಟಿದ್ದ ನಿವಾಸಿಗಳು 2022ರಲ್ಲಿ 50,000ಕ್ಕಿಂತ ಕೆಳಗಿಳಿದರು. ಅದಕ್ಕೆ ಕಾರಣಗಳು ಹಲವು, ಪ್ರವಾಸೋದ್ಯಮ ಅವುಗಳಲ್ಲೊಂದು. ಫ್ಲಾರೆನ್ಸಿನ ನಗರಾಡಳಿತ 2023ರಲ್ಲಿ ಹಳೆಯ ನಗರದೊಳಗೆ ಇನ್ನು ಹೊಸದಾಗಿ ಯಾವ ಮನೆಯನ್ನೂ ಅಲ್ಪಾವಧಿಯ ಬಾಡಿಗೆಗೆ ಕೊಡಕೂಡದೆಂದು ತೀರ್ಮಾನಿಸಿತು. ಆದರೆ ಅಷ್ಟರಲ್ಲಾಗಲೇ ಕೊಟ್ಟಿದ್ದ ಮನೆಗಳು ಹಾಗೆಯೇ ಮುಂದುವರಿದವು. ನಾವು ಬಂದ ಮೇಲೆ ಅಲ್ಲಿನ ಕೆಲವರು ಬೀಗದ ಕೈಯ ಡಬ್ಬಿಗಳ ಮೇಲೆ ಕೆಂಪು ಪಟ್ಟಿ ಅಂಟಿಸಿ ಪ್ರತಿಭಟಿಸಿದರು, 2025ರ ಫೆಬ್ರುವರಿಯಲ್ಲಿ ಆ ಡಬ್ಬಿಗಳನ್ನೂ ನಿಷೇಧಿಸಲಾಯಿತು. ಬಾಡಿಗೆಗೆ ಕೊಡುವ ಪ್ರತಿಯೊಂದು ಮನೆಗೂ ರಾಷ್ಟ್ರಮಟ್ಟದ ಗುರುತಿನ ಸಂಖ್ಯೆ ಇರಬೇಕು, ಅದನ್ನು ಹೊರಬಾಗಿಲಲ್ಲಿ ಕಾಣುವಂತೆ ಹಾಕಬೇಕು ಎಂಬ ನಿಯಮವೂ 2025ರ ಜನವರಿಯಿಂದ ಕಡ್ಡಾಯವಾಗಿದೆ. ಪ್ರವಾಸಿ ತೆರಿಗೆಯನ್ನು ತಲೆಗಿಷ್ಟು, ರಾತ್ರಿಗಿಷ್ಟು ಎಂದು ಏಳು ರಾತ್ರಿಯವರೆಗೆ ನಾವೂ ಕಟ್ಟಿದ್ದೆವು. ಇದೆಲ್ಲ ಒಳ್ಳೆಯ ವ್ಯವಸ್ಥೆಯೇ. ಬಂದದ್ದು ಮಾತ್ರ ಅಜ್ಜಿ ಒಬ್ಬಂಟಿಯಾದ ಮೇಲೆ.

ನಮ್ಮಲ್ಲಿ ಇನ್ನೂ ಹಾಗಾಗಿಲ್ಲ. ಕೋಟೆಗೆ ತಾಗಿದ ಭಾಗದಲ್ಲಿ ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು ಎಂಬ ಕೇಂದ್ರದ ಕಾನೂನು ಇರುವುದರಿಂದ ಕಟ್ಟಡಗಳಿಗೆ ಒಂದಿಷ್ಟು ಕಾವಲಿದೆ. ವಿದೇಶಿಯರು ಉಳಿದರೆ 24 ಗಂಟೆಯೊಳಗೆ ಅವರ ವಿವರವನ್ನು ಅಧಿಕಾರಿಗಳಿಗೆ ಸಲ್ಲಿಸುವ ನಿಯಮವೂ ಇದೆ. ಆದರೆ ಮನೆಯೊಳಗಿನ ಜನರ ವಿಚಾರವನ್ನು ಈ ಯಾವ ನಿಯಮವೂ ಎತ್ತುವುದಿಲ್ಲ. ಆದ್ದರಿಂದ ಪೇಟೆಯ ಹಳೆಯ ಮನೆಗಳಿಗೆ ಪರವಾನಗಿ ಕೊಡುವುದಾದರೆ, ಮಾಲೀಕರ ಕುಟುಂಬವೋ ಅವರು ಗೊತ್ತುಮಾಡಿದ ಬೇರೊಂದು ಕುಟುಂಬವೋ ಅದೇ ಮನೆಯಲ್ಲಿ ವರ್ಷವಿಡೀ ವಾಸವಿರಬೇಕು ಎಂಬ ಷರತ್ತನ್ನು ನಗರಸಭೆಯೂ ಪ್ರವಾಸೋದ್ಯಮ ಇಲಾಖೆಯೂ ಮೊದಲ ಅರ್ಜಿ ತೆಗೆದುಕೊಳ್ಳುವ ಮುನ್ನವೇ ಬರೆದಿಡಬೇಕು. ಪಡಸಾಲೆಯ ಪಕ್ಕದ ಎರಡು ಕೋಣೆ ಅತಿಥಿಗಳಿಗೆ, ಉಳಿದದ್ದು ಮನೆಯವರಿಗೆ. ಇದರಿಂದ ವರಮಾನ ಕಡಿಮೆಯಾಗುತ್ತದೆಂದು ಕೆಲವರು ಗೊಣಗಬಹುದು, ಗೊಣಗಲಿ.

ಈ ಮಾತು ನನ್ನ ಮನೆ ಬಾಗಿಲಿಗೇ ಬಂದಿದೆ. ಬೆಂಗಳೂರಿಗೆ ಹೋಗಿ ನೆಲೆಸಿದ ಪಕ್ಕದ ಮನೆಯವರ ಬೀಗದ ಕೈ ಹನ್ನೊಂದು ವರ್ಷದಿಂದ ನಮ್ಮ ದೇವರ ಕೋಣೆಯ ಗೂಡಿನಲ್ಲಿದೆ. ಬಂದ ಪ್ರವಾಸಿಗರಿಗೆ ಅದನ್ನು ಕೊಟ್ಟು ವಾಪಸು ಇಸಿದುಕೊಳ್ಳುವ ಕೆಲಸ ಮಾಡುತ್ತೀರಾ ಟೀಚರ್, ತಿಂಗಳಿಗಿಷ್ಟು ಎಂದು ಕೊಡುತ್ತೇವೆ ಎಂದು ಅವರು ಕಳೆದ ವಾರ ಫೋನಿನಲ್ಲಿ ಕೇಳಿದರು. ಮಕ್ಕಳಲ್ಲಿ ಒಬ್ಬರಾದರೂ ಬಂದು ಆ ಮನೆಯಲ್ಲಿ ಇರುವುದಾದರೆ ದುಡ್ಡಿಲ್ಲದೆಯೇ ಮಾಡುತ್ತೇನೆ, ಇಲ್ಲವಾದರೆ ಬೀಗದ ಕೈ ತೆಗೆದುಕೊಂಡು ಹೋಗಿಬಿಡಿ ಎಂದಿದ್ದೇನೆ. ಅವರ ಉತ್ತರ ಇನ್ನೂ ಬಂದಿಲ್ಲ.

ಇಂತಿ,
ನಿವೃತ್ತ ಶಿಕ್ಷಕಿ,
ದೊಡ್ಡಪೇಟೆ, ಚಿತ್ರದುರ್ಗ