ಅರ್ಜಿ ಹಾಕುವುದಕ್ಕೆ ನಾಚಿಕೆ ಯಾಕೆ, ಗೆಳೆಯಾ?

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಆಡಿದ ಮಾತು ಇನ್ನೂ ತಲೆಯಲ್ಲೇ ಇದೆ. "ಪ್ರಶಸ್ತಿಗೆ ನಾವೇ ಅರ್ಜಿ ಹಾಕೋದು ಅಂದ್ರೆ ಬೇಡಿ ತಗೊಂಡ ಹಾಗೆ" ಅಂದೆ. ನಮ್ಮಲ್ಲಿ ಪತ್ರಿಕೆಯವರ ಪ್ರಶಸ್ತಿ ಅಂದರೆ ಸ್ವವಿವರ, ಎರಡು ಫೋಟೊ, ಯಾರದೋ ಶಿಫಾರಸು ಪತ್ರ, ಆಮೇಲೆ ಯಾರ ಮನೆಗೋ ಅಲೆದಾಟ. ಇಷ್ಟನ್ನೇ ನೋಡಿದವರಿಗೆ ಹಾಗನ್ನಿಸುವುದು ಸಹಜ. ಆದರೆ ಅಮೆರಿಕದಲ್ಲಿ ಪತ್ರಿಕೆಯವರಿಗೆ ಕೊಡುವ ದೊಡ್ಡ ಗೌರವವಾದ ಪುಲಿಟ್ಜರ್ ಪ್ರಶಸ್ತಿಗೂ ಅರ್ಜಿಯನ್ನೇ ಹಾಕಬೇಕು, ಗೊತ್ತಾ? ಅದಕ್ಕೇ ಈ ಪತ್ರ.

ಜೋಸೆಫ್ ಪುಲಿಟ್ಜರ್ ಹಂಗೇರಿಯವರು. 1864ರಲ್ಲಿ, ಹದಿನೇಳನೇ ವಯಸ್ಸಿನಲ್ಲಿ, ಅಮೆರಿಕಕ್ಕೆ ಬಂದರು. ಪತ್ರಿಕೆಯ ಕೆಲಸ ಕಲಿತದ್ದು ಸೇಂಟ್ ಲೂಯಿಸ್‌ನ ಒಂದು ಜರ್ಮನ್ ಪತ್ರಿಕೆಯಲ್ಲಿ. ಕೊನೆಗೆ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹಣ ಬರೆದಿಟ್ಟು 1911ರಲ್ಲಿ ತೀರಿಕೊಂಡರು. ಆ ಹಣದಿಂದಲೇ 1917ರಿಂದ ಅವರ ಹೆಸರಿನ ಪ್ರಶಸ್ತಿ ನಡೆದುಕೊಂಡು ಬಂದಿದೆ. ಪತ್ರಿಕೆಯ ಕೆಲಸಕ್ಕಷ್ಟೇ ಅಲ್ಲ, ಕಾದಂಬರಿ, ನಾಟಕ, ಇತಿಹಾಸ, ಸಂಗೀತ, ಕವಿತೆಗೂ ಉಂಟು. 2014ರಲ್ಲಿ ಕವಿತೆಗೆ ಪಡೆದ ವಿಜಯ್ ಶೇಷಾದ್ರಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ.

ನಾನು ನಿನಗೆ ಹೇಳಬೇಕೆಂದಿರುವುದು ಬೇರೆಯೇ ಒಂದು ಪತ್ರಿಕೆಯ ಕತೆ. ಅಮೆರಿಕದ ಅಯೋವಾ ರಾಜ್ಯದಲ್ಲಿ ಸ್ಟಾರ್ಮ್ ಲೇಕ್ ಅಂತ ಒಂದು ಸಣ್ಣ ಊರು. ಸುತ್ತ ಮೆಕ್ಕೆಜೋಳ, ಸೋಯಾ ಹೊಲಗಳು. ಅಲ್ಲಿನ 'ಸ್ಟಾರ್ಮ್ ಲೇಕ್ ಟೈಮ್ಸ್' ವಾರಕ್ಕೆರಡು ಸಲ ಬರುತ್ತಿತ್ತು. ಪ್ರಸಾರ ಸುಮಾರು 3,000, ಅಷ್ಟೇ. ಅಣ್ಣ ಪ್ರಕಾಶಕ, ತಮ್ಮ ಆರ್ಟ್ ಕಲನ್ ಸಂಪಾದಕ, ತಮ್ಮನ ಮಗ ವರದಿಗಾರ, ತಮ್ಮನ ಹೆಂಡತಿ ಫೋಟೊ ತೆಗೆಯುವವರು. ನಿನ್ನ ಮನೆ ಜಗಲಿಯಲ್ಲಿರುವ ನಿನ್ನ ಪತ್ರಿಕೆಯ ಆಫೀಸು ನೆನಪಾಯಿತು.

ಹೊಲಕ್ಕೆ ಹಾಕಿದ ಗೊಬ್ಬರದ ನೈಟ್ರೇಟ್ ಅನ್ನುವ ರಾಸಾಯನಿಕ ಕಾಲುವೆಗಳಿಂದ ರಕೂನ್ ನದಿ ಸೇರುತ್ತಿತ್ತು. ಕೆಳಗಿನ ಡೆ ಮಾಯ್ನ್ ನಗರ ಕುಡಿಯುವುದು ಅದೇ ನೀರು. ನಗರದ ನೀರು ಸರಬರಾಜಿನವರು 2015ರಲ್ಲಿ ನದಿಯ ಮೇಲ್ಭಾಗದ ಮೂರು ಕೌಂಟಿಗಳ (ನಮ್ಮ ಜಿಲ್ಲೆಗಳ ಹಾಗೆ) ಮೇಲೆ ಕೇಸು ಹಾಕಿದರು. ಕೌಂಟಿಗಳು ದೊಡ್ಡ ವಕೀಲರನ್ನು ಇಟ್ಟುಕೊಂಡವು. ಆಗ ಈ ಪುಟ್ಟ ಪತ್ರಿಕೆ ಒಂದೇ ಪ್ರಶ್ನೆ ಕೇಳಿತು: ವಕೀಲರ ಫೀಸು ಕೊಡುತ್ತಿರುವವರು ಯಾರು? ಸರ್ಕಾರಿ ಕೇಸಿನ ಹಣ ಎಲ್ಲಿಂದ ಬಂತು ಅಂತ ಜನರಿಗೆ ಗೊತ್ತಾಗಬೇಡವಾ? ಮಗ ದಾಖಲೆ ಕೇಳಿ ಕೇಳಿ ತಂದ. ಅಪ್ಪ ಸಂಪಾದಕೀಯ ಬರೆದರು. ಹಣ ಕೃಷಿ ವ್ಯಾಪಾರದ ದೊಡ್ಡವರ ಕಡೆಯಿಂದ ಬರುತ್ತಿತ್ತು ಅನ್ನುವುದು ಬಯಲಾಯಿತು. ಚಂದಾದಾರರೇ ರೈತರಾಗಿರುವ ಊರಿನಲ್ಲಿ ಇಂಥದ್ದನ್ನು ಬರೆಯುವುದು ಎಷ್ಟು ಕಷ್ಟ ಅಂತ ನಿನಗಿಂತ ಚೆನ್ನಾಗಿ ಬಲ್ಲವರು ಯಾರು?

2017ರಲ್ಲಿ ಸಂಪಾದಕೀಯ ಬರವಣಿಗೆಯ ಪುಲಿಟ್ಜರ್ ಆರ್ಟ್ ಕಲನ್ ಅವರಿಗೆ ಬಂತು. ಓದಿದ ದಿನ ನನಗೆ ಕಣ್ಣು ತುಂಬಿತ್ತು ಕಣೋ.

ಅಲ್ಲಿಗೆ ಕಳಿಸಬೇಕಾದದ್ದು ಹಿಂದಿನ ವರ್ಷ ಅಚ್ಚಾದ ಬರಹ. ಎಷ್ಟು ವರ್ಷ ಸೇವೆ, ಯಾವ ಸಂಘದ ಪದಾಧಿಕಾರಿ ಅಂತ ನೋಡಿ ಕೊಡುವ ಪ್ರಶಸ್ತಿ ಅದಲ್ಲ. ತೀರ್ಪುಗಾರರು ಓದಿ ಮೂರು ಹೆಸರು ಆರಿಸುತ್ತಾರೆ, ಮಂಡಳಿ ಒಂದನ್ನು ಆರಿಸುತ್ತದೆ. ಯಾವುದೂ ಒಪ್ಪಿಗೆಯಾಗದಿದ್ದರೆ ಆ ವರ್ಷ ಆ ವಿಭಾಗಕ್ಕೆ ಪ್ರಶಸ್ತಿಯೇ ಇಲ್ಲ. 2012ರಲ್ಲಿ ಕಾದಂಬರಿಗೆ ಹಾಗೇ ಆಯಿತು. ಎಲ್ಲಕ್ಕಿಂತ ದೊಡ್ಡದು ಸಾರ್ವಜನಿಕ ಸೇವೆಯ ಚಿನ್ನದ ಪದಕ. ಅದು ಸಲ್ಲುವುದು ಇಡೀ ಪತ್ರಿಕೆಗೆ. ಹಣ ಕೊಡುವುದಿಲ್ಲ.

ಅವರೂ ತಪ್ಪು ಮಾಡಿದ್ದಾರೆ. 1965ರಲ್ಲಿ ತೀರ್ಪುಗಾರರು ಡ್ಯೂಕ್ ಎಲಿಂಗ್ಟನ್ ಹೆಸರು ಹೇಳಿದರೂ ಮಂಡಳಿ ಒಪ್ಪಲಿಲ್ಲ. ಅಷ್ಟು ದೊಡ್ಡ ಜಾಜ್ ಸಂಗೀತಗಾರನಿಗೆ ಪುಲಿಟ್ಜರ್ ಗೌರವ ಸಿಕ್ಕಿದ್ದು 1999ರಲ್ಲಿ, ಅವರು ತೀರಿಕೊಂಡು 25 ವರ್ಷದ ಮೇಲೆ. ಅದು ನನಗೆ ಇವತ್ತಿಗೂ ನೋವಿನ ವಿಷಯ.

ಆದರೂ 2020 ನೆನಪಾದರೆ ನಂಬಿಕೆ ಬರುತ್ತದೆ. ಅದರ ಹಿಂದಿನ ವರ್ಷ, 2019ರಲ್ಲಿ, ಕಾಶ್ಮೀರದಲ್ಲಿ ಇಂಟರ್‌ನೆಟ್ ಇಲ್ಲ, ಫೋನ್ ಇಲ್ಲ. ಎಪಿ (ಅಸೋಸಿಯೇಟೆಡ್ ಪ್ರೆಸ್) ಸುದ್ದಿಸಂಸ್ಥೆಯ ಛಾಯಾಗ್ರಾಹಕರು ಕ್ಯಾಮೆರಾವನ್ನು ತರಕಾರಿ ಚೀಲದಲ್ಲಿ ಬಚ್ಚಿಟ್ಟುಕೊಂಡು ಓಡಾಡಿದರು. ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರನ್ನು ಕೇಳಿಕೊಂಡು ಚಿತ್ರಗಳನ್ನು ದೆಹಲಿಗೆ ಮುಟ್ಟಿಸಿದರು. ಅವರಲ್ಲಿ ದಾರ್ ಯಾಸಿನ್, ಮುಖ್ತಾರ್ ಖಾನ್, ಚನ್ನಿ ಆನಂದ್ 2020ರಲ್ಲಿ ಪುಲಿಟ್ಜರ್ ಪಡೆದರು.

ಈಗ ನಿನ್ನ ವಿಷಯ. ಕೆರೆ ಒತ್ತುವರಿ ಬಗ್ಗೆ ಏಳು ವಾರ ಬರೆದೆಯಲ್ಲ, ಸರ್ವೆ ನಂಬರ್ ಸಮೇತ, ಜಾಹೀರಾತು ನಿಂತರೂ ನಿಲ್ಲಿಸದೆ. ಆ ಸಂಚಿಕೆಗಳು ಅಟ್ಟದ ಮೇಲೆ ಕಟ್ಟಿಟ್ಟಿವೆ ಅಂದೆ. ಮಳೆ ಶುರುವಾದರೆ ಗೆದ್ದಲು ಹತ್ತುತ್ತದೆ. ಇವತ್ತೇ ಕೆಳಗಿಳಿಸು. ಎರಡೆರಡು ಪ್ರತಿ ತೆಗೆದು ರಿಜಿಸ್ಟರ್ ಪೋಸ್ಟಿನಲ್ಲಿ ನನಗೆ ಕಳಿಸು. ನಮ್ಮಲ್ಲಿನ ಪ್ರಶಸ್ತಿಯ ಫಾರಂ ನಾನು ತುಂಬುತ್ತೇನೆ, ನೀನು ಸಹಿ ಮಾಡಿದರೆ ಸಾಕು.

ನಿನ್ನ
ಹಳೆಯ ರೂಮ್‌ಮೇಟ್