ಜಿಗಿತ ಮೊದಲು, ಹಂತ ಆಮೇಲೆ: ತೀರ್ಥಹಳ್ಳಿಯ ಗೆಳೆಯನಿಗೊಂದು ಪತ್ರ

ಗೆಳೆಯಾ,

ಅಡಿಕೆ ಕೊನೆ (ಗೊನೆ) ಕೊಯ್ಯುವ ಕೊನೆಗೌಡನ ಮೇಲೆ ನೀನು ಮಾಡಿ ಕಳಿಸಿದ ಆಟ ಫೋನಿಗೆ ಹಾಕಿ ಆಡಿದೆ. ಚಿತ್ರ ಚೆಂದ ಬಂದಿದೆ. ಅಡಿಕೆ ಮರ ತೂಗಿಸಿಕೊಂಡು ಪಕ್ಕದ ಮರಕ್ಕೆ ದಾಟುವವನನ್ನೇ ನಾಯಕ ಮಾಡಿದ್ದು ಒಳ್ಳೆ ಉಪಾಯ. ಆದರೆ ಎರಡನೇ ಹಂತಕ್ಕೇ ಬೇಜಾರು ಬರುತ್ತೆ. ಇನ್ನೂ ಹತ್ತು ಹಂತ ಸೇರಿಸಿದರೆ ಸರಿಹೋಗುತ್ತಾ ಅಂತ ನೀನು ಕೇಳಿದ್ದೆ. ಬೇಡ ಮಾರಾಯ. ಆಟದ ಮಜಾ ಇರೋದು ಬೆರಳು ಒತ್ತಿದ ಮೇಲಿನ ಅರ್ಧ ಸೆಕೆಂಡಿನಲ್ಲಿ. ಬಿದ್ದವನಿಗೆ ‘ಛೆ, ನಾನೇ ತಡ ಮಾಡಿದೆ’ ಅನ್ನಿಸಿದರೆ ಇನ್ನೊಮ್ಮೆ ಆಡುತ್ತಾನೆ. ‘ನಾನು ಒತ್ತಿದ್ದೆನಲ್ಲ!’ ಅನ್ನಿಸಿದರೆ ಆಟ ಅಳಿಸಿ ಹಾಕುತ್ತಾನೆ. ನಿನ್ನದರಲ್ಲಿ ಈಗ ಆಗ್ತಿರೋದು ಎರಡನೆಯದು.

ಮೊದಲು ಗುಂಡಿ ನೋಡು. ಒತ್ತಿದಾಗ ಸುಮ್ಮನಿದ್ದು, ಬೆರಳು ಎತ್ತಿದಾಗ ಜಿಗಿಯುತ್ತಾನೆ. ನೀನು ಆಟ ಕಟ್ಟಿದ ಎಂಜಿನ್, ಅಂದರೆ ಆಟ ತಯಾರಿಸುವ ತಂತ್ರಾಂಶ ಗೋಡೋ, ಅದರ ಸಾಮಾನ್ಯ ಬಟನ್ ಹಾಕಿದ್ದೀಯ ಅಂತ ಕಾಣುತ್ತೆ. ಅದರ ಮೂಲ ಸೆಟ್ಟಿಂಗೇ ಬೆರಳು ಬಿಟ್ಟಾಗ ಕೆಲಸ ಮಾಡೋದು. ಎರಡು ಬೆರಳನ್ನು ಒಟ್ಟಿಗೆ ಗುರುತಿಸೋದೂ ಇಲ್ಲ, ಹಾಗಾಗಿ ಓಡ್ತಾ ಓಡ್ತಾ ಜಿಗಿಯೋಕೆ ಆಗಲ್ಲ. ಅದನ್ನು ತೆಗೆದು ಗೋಡೋದಲ್ಲೇ ಇರುವ ಟಚ್‌ಸ್ಕ್ರೀನ್‌ಬಟನ್ ಹಾಕು. ಪರದೆಯ ಮೇಲೆ ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಅಂದರೆ ಒಂದು ಫ್ರೇಮಿಗೆ ಸುಮಾರು 16.7 ಮಿಲಿಸೆಕೆಂಡ್, ಬೆರಳು ಎತ್ತುವ ಹೊತ್ತಿಗೆ ಐದಾರು ಫ್ರೇಮ್ ಹೋಗಿರುತ್ತೆ. ಗುಂಡಿಯ ಚಿತ್ರ ಚಿಕ್ಕದೇ ಇರಲಿ, ಮುಟ್ಟುವ ಜಾಗ ಮಾತ್ರ ಪರದೆಯ ಬಲಭಾಗದ ಅರ್ಧ ಪೂರ್ತಿ ಇರಲಿ. ಶಿವಮೊಗ್ಗದ ಬಸ್ಸಿನಲ್ಲಿ ಮಂಡಗದ್ದೆ ಕಡೆಯ ತಿರುವು ಬಂದಾಗ ಯಾರೂ ಗುಂಡಿ ಹುಡುಕ್ತಾ ಕೂರಲ್ಲ.

ಇನ್ನು ಜಿಗಿತ. ಎಂಜಿನ್ ತಾನಾಗಿ ಕೊಟ್ಟ ಅಂಕಿಗಳನ್ನೇ ಬಿಟ್ಟ ಹಾಗಿದೆ: ಗುರುತ್ವ 980, ಜಿಗಿತದ ವೇಗ 400. ಅದರಲ್ಲಿ ಆಳು ಸುಮಾರು 82 ಪಿಕ್ಸೆಲ್ ಏರಿ, 0.8 ಸೆಕೆಂಡಿಗೆ ಇಳೀತಾನೆ. ಬೆಲೂನ್ ಬಿಟ್ಟ ಹಾಗೆ ಕಾಣುತ್ತೆ. ಅಂಕಿ ಊಹಿಸೋಕೆ ಹೋಗಬೇಡ. ಎಷ್ಟು ಎತ್ತರ, ಎಷ್ಟು ಹೊತ್ತಿಗೆ ತುದಿ ಮುಟ್ಟಬೇಕು ಅನ್ನೋದನ್ನು ಮೊದಲು ತೀರ್ಮಾನಿಸು. ಎತ್ತರದ ಎರಡರಷ್ಟನ್ನು ಸಮಯದಿಂದ ಭಾಗಿಸಿದರೆ ವೇಗ, ಸಮಯದ ವರ್ಗದಿಂದ ಭಾಗಿಸಿದರೆ ಗುರುತ್ವ. 120 ಪಿಕ್ಸೆಲ್, 0.4 ಸೆಕೆಂಡ್ ಅಂದರೆ ವೇಗ 600, ಗುರುತ್ವ 1500. ಇಳಿಯುವಾಗ ಗುರುತ್ವ 2400 ಮಾಡು. ಏರೋದಕ್ಕಿಂತ ಇಳಿಯೋದು ಬೇಗ ಆದರೆ ಆಳಿಗೆ ತೂಕ ಬರುತ್ತೆ. ಏರುತ್ತಿರುವಾಗಲೇ ಬೆರಳು ಬಿಟ್ಟರೆ ಮೇಲ್ಮುಖ ವೇಗವನ್ನು ಅರ್ಧಕ್ಕೆ ಇಳಿಸು. ಆಗ ಒಂದೇ ಗುಂಡಿಯಲ್ಲಿ ಗಿಡ್ಡ ಜಿಗಿತವೂ ಸಿಗುತ್ತೆ, ಉದ್ದ ಜಿಗಿತವೂ ಸಿಗುತ್ತೆ.

ಇದರ ಮೇಲೆ ಎರಡು ರಿಯಾಯಿತಿ ಸೇರಿಸು, ಆಟಗಾರನಿಗೆ ಗೊತ್ತಾಗದ ಹಾಗೆ. ಮರದ ತುದಿ ಬಿಟ್ಟು 0.1 ಸೆಕೆಂಡಿನೊಳಗೆ ಒತ್ತಿದರೂ ಜಿಗಿಯಲಿ. ನೆಲ ಮುಟ್ಟುವ 0.1 ಸೆಕೆಂಡ್ ಮುಂಚೆ ಒತ್ತಿದ್ದನ್ನು ನೆನಪಿಟ್ಟುಕೊಂಡು, ಮುಟ್ಟಿದ ಕೂಡಲೇ ಜಿಗಿಸಲಿ. ಮೊದಲನೆಯದಕ್ಕೆ ಕೊಯೊಟಿ ಟೈಮ್ ಅಂತಾರೆ. 2018ರ ಸೆಲೆಸ್ಟ್ ಕಷ್ಟದ ಆಟ ಅಂತ ಹೆಸರಾದದ್ದು. ಅದರ ಕೋಡಿನಲ್ಲೂ ಕೊಯೊಟಿ ಟೈಮ್‌ಗೆ ಇದೇ 0.1 ಇದೆ. ಜಿಗಿದಾಗ ತಲೆ ಮೇಲಿನ ಅಂಚಿಗೆ ತಾಗಿದರೆ 4 ಪಿಕ್ಸೆಲ್‌ವರೆಗೆ ಪಕ್ಕಕ್ಕೆ ಸರಿಸಿ ದಾಟಿಸುತ್ತೆ ಕೂಡ. ಎಡವಟ್ಟು ಆಗೋದು ಎಲ್ಲಿ ಅಂದರೆ, ಜಿಗಿದ ಕೂಡಲೇ ಈ ಎರಡೂ ಟೈಮರ್‌ಗಳನ್ನು ಸೊನ್ನೆ ಮಾಡಲು ಮರೆಯೋದು. ಮರೆತರೆ ಗಾಳಿಯಲ್ಲೇ ಇನ್ನೊಂದು ಜಿಗಿತ ಸಿಗುತ್ತೆ.

ಡಿಕ್ಕಿಯ ಅಳತೆ, ಅಂದರೆ ಎಷ್ಟು ಜಾಗ ಸೋಕಿದರೆ ತಾಗಿದ ಲೆಕ್ಕ ಅನ್ನೋದೂ ಹೀಗೇ ಆಟಗಾರನ ಕಡೆಗಿರಲಿ. 64 ಪಿಕ್ಸೆಲ್‌ನ ಅಡಿಕೆ ಕೊನೆಗೆ 80 ಪಿಕ್ಸೆಲ್ ಜಾಗ ಕೊಡು, ಅವನ ಬೆನ್ನು ಹತ್ತುವ ಅಷ್ಟೇ ದೊಡ್ಡ ಕಣಜದ ಹುಳಕ್ಕೆ 44 ಸಾಕು. ಈಗ ರೆಕ್ಕೆಯ ತುದಿ ಸೋಕಿದರೂ ಸಾಯ್ತಾನೆ, ಅದು ಅನ್ಯಾಯ.

ಕೊನೆ ಕೊಯ್ದಾಗ ಏನೋ ಆಯ್ತು ಅಂತ ಕೈಗೆ ಗೊತ್ತಾಗಬೇಕು. ಕತ್ತಿ ತಾಗಿದ ಕ್ಷಣ ಇಡೀ ಆಟವನ್ನು 3 ಫ್ರೇಮ್ ನಿಲ್ಲಿಸು. ಟೈಮ್ ಸ್ಕೇಲ್ (ಆಟದೊಳಗೆ ಕಾಲ ಓಡುವ ವೇಗ) ಸೊನ್ನೆ ಮಾಡಿ ನಿಲ್ಲಿಸೋದಾದರೆ, ಮತ್ತೆ ಶುರು ಮಾಡುವ ಟೈಮರ್ ಆ ಸ್ಕೇಲನ್ನು ಲೆಕ್ಕಿಸದ ಹಾಗೆ ಆಯ್ಕೆ ಹಾಕಬೇಕು. ಇಲ್ಲಾಂದ್ರೆ ಆಟ ಅಲ್ಲೇ ಕಲ್ಲಾಗುತ್ತೆ. ಪರದೆ ನಡುಗೋದು 4 ಪಿಕ್ಸೆಲ್, 0.15 ಸೆಕೆಂಡ್ ಸಾಕು, ಬೇಡದವರಿಗೆ ಆಫ್ ಮಾಡುವ ಆಯ್ಕೆಯೂ ಇರಲಿ. ಕತ್ತಿಯ ಸದ್ದಿನ ಪಿಚ್ಚನ್ನು ಪ್ರತಿ ಸಲ 0.95ರಿಂದ 1.05ರ ನಡುವೆ ಬದಲಿಸು. ಒಂದೇ ಸದ್ದು ನೂರು ಸಲ ಬಂದರೆ ತಲೆ ಚಿಟ್ಟು ಹಿಡಿಯುತ್ತೆ.

ಇಷ್ಟಾದ ಮೇಲೂ ಒಂದು ಕೊರತೆ ಇದೆ: ಆಟದಲ್ಲಿ ತೀರ್ಮಾನ ಅನ್ನೋದೇ ಇಲ್ಲ. ಕೊನೆ ಕಂಡರೆ ಕೊಯ್ಯೋದು, ಮುಂದೆ ಹೋಗೋದು. ಆಸೆಗೂ ಭಯಕ್ಕೂ ಜಗಳ ಹಚ್ಚು. ಕೊಯ್ದ ಕೊನೆಯನ್ನು ಕೂಡಲೇ ಹಗ್ಗದಲ್ಲಿ ಇಳಿಸಿದರೆ 10 ಅಂಕ, ಮೂರು ಒಟ್ಟುಮಾಡಿ ಇಳಿಸಿದರೆ 50. ಆದರೆ ಹೊತ್ತ ಒಂದೊಂದು ಕೊನೆಗೂ ಜಿಗಿತದ ವೇಗದಲ್ಲಿ 30 ಕಡಿತ. ಮೂರು ಹೊತ್ತರೆ ವೇಗ 510, ಎತ್ತರ 120ರಿಂದ 87ಕ್ಕೆ ಇಳಿಯುತ್ತೆ. ಮುಂದಿನ ಮರ ಸಿಗುತ್ತೋ ಇಲ್ಲವೋ ಅಂತ ಆಟಗಾರ ಒಂದು ಗಳಿಗೆ ಯೋಚಿಸ್ತಾನಲ್ಲ, ಅದು ಬೇಕು. ನಿಜವಾದ ಕೊನೆಗೌಡ ಹೀಗೆ ಹೊತ್ತು ತಿರುಗೋದಿಲ್ಲ, ಗೊತ್ತು. ಆಟಕ್ಕೆ ಅಷ್ಟು ಸುಳ್ಳು ಸಲ್ಲುತ್ತೆ.

ಮರಗಳ ಅಂತರವನ್ನು ಬರೀ ರಾಂಡಮ್‌ಗೆ ಬಿಡಬೇಡ, ದೂರದ ನಾಲ್ಕು ಮರ ಸಾಲಾಗಿ ಬಂದುಬಿಡುತ್ತೆ. ಈಗಿನ ಟೆಟ್ರಿಸ್‌ಗಳಲ್ಲಿ 7 ಆಕಾರಗಳನ್ನೂ ಒಟ್ಟಿಗೆ ಕಲಸಿ ಒಂದೊಂದಾಗಿ ಕೊಡ್ತಾರೆ, ಮುಗಿದ ಮೇಲೆ ಮತ್ತೆ ಕಲಸ್ತಾರೆ. ನೀನೂ ಹಾಗೇ ಮಾಡು. ಉಸಿರಾಡೋಕೂ ಬಿಡುವು ಕೊಡು. 1980ರ ಪ್ಯಾಕ್‌ಮ್ಯಾನ್‌ನ ಮೊದಲ ಹಂತದಲ್ಲಿ ದೆವ್ವಗಳು 7 ಸೆಕೆಂಡ್ ತಮ್ಮ ತಮ್ಮ ಮೂಲೆ ಕಡೆ ಹೋಗ್ತವೆ, ಆಮೇಲೆ 20 ಸೆಕೆಂಡ್ ಅಟ್ಟಿಸಿಕೊಂಡು ಬರ್ತವೆ, ಮತ್ತೆ 7 ಸೆಕೆಂಡ್ ಬಿಡುವು. ನಿನ್ನ ಕಣಜ ಒಂದೇ ಸಮ ಬೆನ್ನು ಹತ್ತುತ್ತೆ. ಭಯ ಕೂಡ ಹಳತಾಗುತ್ತೆ ಕಣೋ.

ಸತ್ತ ಮೇಲೆ ಒಂದು ಸೆಕೆಂಡಿನೊಳಗೆ ಮತ್ತೆ ಮರದ ಮೇಲಿರಬೇಕು. ಈಗ ನೀನು ‘ಆಟ ಮುಗಿಯಿತು’ ತೋರಿಸಿ, ಜಾಹೀರಾತು ಹಾಕಿ, ಮೆನುಗೆ ಕಳಿಸ್ತೀಯ. ಇನ್ನೊಮ್ಮೆ ಅನ್ನೋ ಹುಕಿ ಅಷ್ಟರಲ್ಲಿ ಆರಿಹೋಗುತ್ತೆ. ಜಾಹೀರಾತು ಹಂತ ಮುಗಿದ ಮೇಲೆ ಇರಲಿ. ಆಗುಂಬೆ ಕಡೆ ಮಳೆಗಾಲದಲ್ಲಿ ನೆಟ್‌ವರ್ಕ್ ಹೋದಾಗ ಆಟ ತೆರೆಯದೇ ಕೂರಬಾರದು. ಜಾಹೀರಾತು ಬರದಿದ್ದರೆ ಅದನ್ನು ಬಿಟ್ಟು ಮುಂದೆ ಹೋಗುವ ಹಾಗೆ ಬರಿ.

ತಿದ್ದಿದ ಮೇಲೆ ಯಾವತ್ತೂ ಆಡದ ಒಬ್ಬರ ಕೈಗೆ ಫೋನ್ ಕೊಡು. ಹೇಗೆ ಆಡಬೇಕು ಅಂತ ಹೇಳಬೇಡ, ಬಾಯಿ ಮುಚ್ಚಿಕೊಂಡು ಅವರ ಹೆಬ್ಬೆರಳು ನೋಡು. ಎಲ್ಲಿ ಎರಡೆರಡು ಸಲ ಒತ್ತುತ್ತಾರೋ ಅಲ್ಲಿ ಆಟ ಅವರ ಮಾತು ಕೇಳ್ತಿಲ್ಲ ಅಂತ ಅರ್ಥ. ‘ಹೇಗಿದೆ?’ ಅಂತ ಕೇಳಿದರೆ ನಮ್ಮ ಕಡೆಯವರು ಯಾರೂ ಚೆನ್ನಾಗಿಲ್ಲ ಅನ್ನಲ್ಲ. ಹೊಸದನ್ನು ಕಳಿಸುವಾಗ ಒಂದೇ ಹಂತ ಕಳಿಸು, ಸಾಕು.

ಇಂತಿ,
ನಿನ್ನ ಗೆಳೆಯ