‘ಯಾವ ಜನ್ಮದ ಕರ್ಮವೋ’ ಅಂದೆಯಲ್ಲ, ಅದಕ್ಕೆ ಈ ಪತ್ರ

ಗೆಳೆಯಾ,

ಮೊನ್ನೆ ನಡುರಾತ್ರಿ ನೀನು ಕಳಿಸಿದ ಮೆಸೇಜನ್ನು ಬೆಳಗ್ಗೆ ಎದ್ದು ನೋಡಿದೆ. ‘ಅಪ್ಪನಿಗೆ ಮತ್ತೆ ಬಟ್ಟೆ ಬದಲಾಯಿಸಿ ಕೂತಿದ್ದೇನೆ. ಯಾವ ಜನ್ಮದ ಕರ್ಮವೋ’ ಅಂತ ಬರೆದಿದ್ದೆ. ನೋಡೋಕೆ ಬಂದ ನೆಂಟರೊಬ್ಬರು ಮಂಚದ ಪಕ್ಕದಲ್ಲೇ ನಿಂತು, ‘ಹಿಂದಿನ ಜನ್ಮದ್ದು ಏನೋ ಇರಬೇಕು, ಅನುಭವಿಸಿಯೇ ತೀರಬೇಕು’ ಅಂದರಂತಲ್ಲ. ಲಕ್ವ ಹೊಡೆದು ಮಾತು ನಿಂತಿದೆ ನಿಜ, ಆದರೆ ಅಪ್ಪನಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ. ನೆನೆಸಿಕೊಂಡರೇ ಹೊಟ್ಟೆ ಉರಿಯುತ್ತದೆ. ಫೋನಿನಲ್ಲಿ ಹೇಳಿದರೆ ಅರ್ಧಂಬರ್ಧ ಆಗುತ್ತದೆ ಅಂತ ಬರೆಯುತ್ತಿದ್ದೇನೆ. ನೀನು ಒಪ್ಪಿದ್ದರಿಂದ ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ.

ಬಸ್ಸು ತಪ್ಪಿದರೆ ‘ನನ್ನ ಕರ್ಮ’, ಮಗ ಓದದಿದ್ದರೆ ‘ನನ್ನ ಕರ್ಮ’. ನಮ್ಮ ಮೇಲೆ ಬಂದು ಬಿದ್ದದ್ದಕ್ಕೆಲ್ಲ ನಾವು ಇಡುವ ಹೆಸರು ಅದೊಂದೇ. ಬುದ್ಧ ಹೇಳಿದ ಕರ್ಮ ಬೇರೆ. ಬುದ್ಧನ ಉಪದೇಶಗಳ ಸಂಗ್ರಹವಾದ ಅಂಗುತ್ತರ ನಿಕಾಯದಲ್ಲಿ ಪಾಳಿ ಭಾಷೆಯ ಒಂದು ಸಾಲಿದೆ: ‘ಚೇತನಾಹಂ ಭಿಕ್ಖವೇ ಕಮ್ಮಂ ವದಾಮಿ.’ ಭಿಕ್ಷುಗಳೇ, ಚೇತನವನ್ನೇ ನಾನು ಕರ್ಮ ಅನ್ನುತ್ತೇನೆ. ಇಲ್ಲಿ ಚೇತನ ಅಂದರೆ ಉದ್ದೇಶ. ಕೈ ಎತ್ತುವ ಮೊದಲು, ಬಾಯಿ ತೆರೆಯುವ ಮೊದಲು ಮನಸ್ಸು ಒಂದು ಕಡೆಗೆ ವಾಲುತ್ತದಲ್ಲ, ಅದು.

ಹಾಗಾದರೆ ಅಪ್ಪನಿಗೆ ಬಂದ ಕಾಯಿಲೆ? ಇಂಥದೇ ಪ್ರಶ್ನೆಯನ್ನು ಸೀವಕ ಅನ್ನುವ, ಊರೂರು ಅಲೆಯುವ ಸನ್ಯಾಸಿ ರಾಜಗೃಹದ ವೇಣುವನದಲ್ಲಿ ಬುದ್ಧನ ಮುಂದಿಟ್ಟಿದ್ದ. ಮನುಷ್ಯ ಪಡುವ ಸುಖ ದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಅಂತ ಕೆಲವರು ಹೇಳುತ್ತಾರೆ, ನೀವೇನಂತೀರಿ ಅಂತ. ಬುದ್ಧನ ಉತ್ತರ ಓದಿದರೆ ನಮ್ಮೂರ ನಾಟಿ ವೈದ್ಯರ ಮಾತು ಕೇಳಿದ ಹಾಗಿದೆ. ಕೆಲವು ನೋವು ಪಿತ್ತದಿಂದ ಬರುತ್ತವೆ, ಕೆಲವು ಕಫದಿಂದ, ಕೆಲವು ವಾತದಿಂದ, ಕೆಲವು ಈ ಮೂರೂ ಕೆಟ್ಟು. ಕೆಲವು ಹವಾ ಬದಲಾಗಿ, ಕೆಲವು ಮೈಯನ್ನು ಸರಿಯಾಗಿ ನೋಡಿಕೊಳ್ಳದೆ, ಕೆಲವು ಪೆಟ್ಟು ಬಿದ್ದು. ಕರ್ಮದ ಫಲ ಬರುವುದು ಎಲ್ಲಕ್ಕಿಂತ ಕೊನೆಗೆ, ಎಂಟನೆಯದಾಗಿ. ಎಲ್ಲವನ್ನೂ ಹಿಂದಿನದಕ್ಕೇ ಕಟ್ಟುವವರು ಕಣ್ಣೆದುರು ಕಾಣುವುದನ್ನು ಬಿಟ್ಟು ಹೋಗುತ್ತಾರೆ, ಅದು ತಪ್ಪು ಅಂದ. ಅಪ್ಪನ ಬಿ.ಪಿ. ವರ್ಷಗಟ್ಟಲೆ ಜಾಸ್ತಿ ಇತ್ತು. ಡಾಕ್ಟರು ಹೇಳಿದ್ದೂ ಅದನ್ನೇ ಅಲ್ವಾ?

ಹಾಗಂತ ಬುದ್ಧ ಹಿಂದಿನ ಕರ್ಮ ಇಲ್ಲವೇ ಇಲ್ಲ ಅನ್ನಲಿಲ್ಲ, ಅದನ್ನು ನಿನ್ನಿಂದ ಮುಚ್ಚಿಡಬಾರದು. ಸುಭ ಅನ್ನುವ ಯುವಕ ಕೇಳಿದಾಗ ಆಯುಸ್ಸು ಆರೋಗ್ಯಗಳ ವ್ಯತ್ಯಾಸಕ್ಕೆ ಕರ್ಮವನ್ನೇ ಕಾರಣವಾಗಿ ಹೇಳುತ್ತಾನೆ. ಆದರೆ ಕರ್ಮದ ಫಲದ ಲೆಕ್ಕ ಬಿಡಿಸಲು ಕೂತವನಿಗೆ ಹುಚ್ಚು ಹಿಡಿದೀತು ಅಂತ ಎಚ್ಚರಿಸಿದವನೂ ಅವನೇ. ನಿಮ್ಮ ನೆಂಟರು ಮಂಚದ ಪಕ್ಕ ನಿಂತು ಬಿಡಿಸಿದ್ದು ಅದೇ ಲೆಕ್ಕ. ಬಡವರ ಬಡತನಕ್ಕೆ ಪೂರ್ವಜನ್ಮವನ್ನು ತೋರಿಸಿ ಸಮಾಜ ಜವಾಬ್ದಾರಿಯಿಂದ ಜಾರಿಕೊಳ್ಳುತ್ತದೆ ಅಂತ ಅಂಬೇಡ್ಕರ್ ಈ ವಾದವನ್ನೇ ತಳ್ಳಿಹಾಕಿದ್ದು. ರೋಗಿಯ ವಿಷಯದಲ್ಲೂ ಹಾಗೇ ಕಣೋ. ‘ಕರ್ಮ’ ಅಂದುಬಿಟ್ಟರೆ ಒಂದು ಕೈ ಹಾಕದೆ ಎದ್ದು ಹೋಗಬಹುದು.

ನನ್ನ ಅಮ್ಮ ಹಾಸಿಗೆ ಹಿಡಿದು ಮಲಗಿದ್ದ ಆ 8 ತಿಂಗಳು ನನ್ನ ಜೊತೆಗಿದ್ದದ್ದು, ಭಿಕ್ಷುಗಳ ನಿಯಮಗಳನ್ನು ಹೇಳುವ ವಿನಯಪಿಟಕದ ಮಹಾವಗ್ಗ ಅನ್ನುವ ಭಾಗದಲ್ಲಿ ಬರುವ ಒಂದು ಘಟನೆ. ಒಬ್ಬ ಭಿಕ್ಷುವಿಗೆ ಭೇದಿ. ತನ್ನದೇ ಮಲಮೂತ್ರದಲ್ಲಿ ಬಿದ್ದಿದ್ದಾನೆ. ಶಿಷ್ಯ ಆನಂದನ ಜೊತೆ ಅಲ್ಲಿಗೆ ಬಂದ ಬುದ್ಧ ಕೇಳುತ್ತಾನೆ, ನಿನ್ನನ್ನು ನೋಡಿಕೊಳ್ಳುವವರು ಯಾರೂ ಇಲ್ಲವೇ? ಇಲ್ಲ. ಯಾಕೆ? ನಾನು ಯಾರಿಗೂ ಏನೂ ಮಾಡುವುದಿಲ್ಲ, ಅದಕ್ಕೇ ಯಾರೂ ನನ್ನನ್ನು ನೋಡುವುದಿಲ್ಲ. ‘ಮಾಡಿದ್ದುಣ್ಣೋ ಮಹರಾಯ’ ಅನ್ನೋಕೆ ಇದಕ್ಕಿಂತ ಒಳ್ಳೆ ಜಾಗ ಇತ್ತೇ? ರೋಗಿಯೇ ಹಾಗೆ ಒಪ್ಪಿಕೊಂಡು ಮಲಗಿದ್ದ. ಬುದ್ಧ ಆನಂದನಿಗೆ ನೀರು ತರಲು ಹೇಳಿದ. ಬುದ್ಧ ನೀರು ಹಾಕಿದ, ಆನಂದ ಮೈ ತೊಳೆದ. ತಲೆ ಕಡೆ ಬುದ್ಧ ಹಿಡಿದ, ಕಾಲ ಕಡೆ ಆನಂದ ಹಿಡಿದ, ಇಬ್ಬರೂ ಎತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆ ಉಳಿದ ಭಿಕ್ಷುಗಳನ್ನು ಕರೆಸಿ ಹೇಳಿದ: ನಿಮಗೆ ಇಲ್ಲಿ ತಾಯಿಯಿಲ್ಲ, ತಂದೆಯಿಲ್ಲ. ನೀವು ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಇನ್ಯಾರು ನೋಡಿಕೊಳ್ಳುತ್ತಾರೆ? ನನ್ನ ಸೇವೆ ಮಾಡಬೇಕು ಅನ್ನುವವನು ರೋಗಿಯ ಸೇವೆ ಮಾಡಲಿ.

ತಲೆ ಕಡೆ ಒಬ್ಬರು, ಕಾಲ ಕಡೆ ಒಬ್ಬರು. ಮಲಗಿದವರನ್ನು ಒಬ್ಬನೇ ಎತ್ತಿ ಸೊಂಟ ಹಿಡಿಸಿಕೊಂಡವನಿಗೆ ಆ ಮಾತು ಎಷ್ಟು ನಾಟುತ್ತದೆ ಗೊತ್ತಾ?

ನನ್ನದೊಂದು ಹೇಳಲೇ? ಇದುವರೆಗೆ ಯಾರಿಗೂ ಹೇಳಿಲ್ಲ. ಒಂದು ರಾತ್ರಿ ಮೂರನೇ ಸಲ ಹಾಸಿಗೆ ಒದ್ದೆಯಾಯಿತು. ಅಮ್ಮನ ಅಡಿಯಲ್ಲಿದ್ದ ರಬ್ಬರ್ ಶೀಟನ್ನು ಜೋರಾಗಿ ಎಳೆದೆ. ಅವಳ ಮೊಣಕೈ ಮಂಚದ ಕಬ್ಬಿಣಕ್ಕೆ ಬಡಿಯಿತು. ಅಮ್ಮ ಒಂದು ಮಾತೂ ಆಡಲಿಲ್ಲ. ಕೈಯನ್ನು ಮೆಲ್ಲಗೆ ಎದೆ ಮೇಲೆ ಎಳೆದುಕೊಂಡು ಗೋಡೆ ಕಡೆ ನೋಡುತ್ತಾ ಮಲಗಿದಳು. ಬೆಳಗ್ಗೆ ಬಂದವರ ಕಣ್ಣಿಗೆ ಒಗೆದ ಹಾಸಿಗೆ, ಒಳ್ಳೆಯ ಮಗ. ಆ ಎಳೆತದಲ್ಲಿ ಏನಿತ್ತು ಅಂತ ಅಮ್ಮನಿಗೂ ನನಗೂ ಮಾತ್ರ ಗೊತ್ತು. ಬುದ್ಧ ಕರ್ಮ ಅಂದದ್ದು ಅದನ್ನು. ಫಲಕ್ಕೆ ಮುಂದಿನ ಜನ್ಮದವರೆಗೆ ಕಾಯಬೇಕಾಗಲಿಲ್ಲ. ಮರುದಿನದಿಂದ ನಾನು ಹತ್ತಿರ ಹೋದರೆ ಅಮ್ಮ ಮೈ ಬಿಗಿ ಹಿಡಿಯುತ್ತಿದ್ದಳು. ಬಿಗಿ ಹಿಡಿದ ಮೈಯನ್ನು ಹೊರಳಿಸುವುದು ಕಷ್ಟ. ಕಷ್ಟವಾದಷ್ಟೂ ನನಗೆ ಸಿಟ್ಟು.

ಸತಿ ಬೇಕಾಗುವುದು ಇಲ್ಲೇ. ಪಾಳಿಯ ಸತಿ ಅಂದರೆ ಸಂಸ್ಕೃತದ ಸ್ಮೃತಿ. ಈಗ ಮೈಂಡ್‌ಫುಲ್‌ನೆಸ್ ಅಂತ ಎಲ್ಲ ಕಡೆ ಕೇಳುತ್ತೀಯಲ್ಲ, ಅದೇ. ಚಿಕ್ಕವರಿದ್ದಾಗ ಲೋಟ ಬೀಳಿಸಿದರೆ ‘ಮೈಮೇಲೆ ಎಚ್ಚರ ಇಲ್ವಾ?’ ಅಂತ ಬೈಯುತ್ತಿದ್ದರು, ನೆನಪಿದೆಯಾ? ನನಗೆ ಆ ಮಾತೇ ಹತ್ತಿರ. ಸತಿಯ ಬಗ್ಗೆ ಬುದ್ಧ ಮಾಡಿದ ಉಪದೇಶ, ಸತಿಪಟ್ಠಾನ ಸುತ್ತವೂ ಮೈಯಿಂದಲೇ ಶುರುವಾಗುತ್ತದೆ. ಮೊದಲು ಉಸಿರು. ಆಮೇಲೆ ನಡೆಯುವುದು, ಕೂರುವುದು, ಕೈಕಾಲು ಮಡಚುವುದು, ಚಾಚುವುದು, ತಿನ್ನುವುದು, ಮಲಮೂತ್ರ ಮಾಡುವುದು, ಮಾತಾಡುವುದು, ಸುಮ್ಮನಿರುವುದು. ಕಣ್ಣು ಮುಚ್ಚಿ ಕೂರಲು ನಿನಗೆಲ್ಲಿದೆ ಪುರುಸೊತ್ತು? ಆದರೆ ಈ ಪಟ್ಟಿಯಲ್ಲಿ ನಿನ್ನ ಇಡೀ ದಿನ ಇದೆ.

ಮಗ ರಾಹುಲನಿಗೆ ಬುದ್ಧ ಹೇಳಿದ್ದು ಇನ್ನೂ ಸುಲಭ. ಕನ್ನಡಿ ಇರುವುದು ನೋಡಿಕೊಳ್ಳಲು. ಹಾಗೇ ಒಂದು ಕೆಲಸವನ್ನು ಮಾಡುವ ಮೊದಲು ನೋಡಿಕೋ, ಮಾಡುತ್ತಾ ನೋಡಿಕೋ, ಮಾಡಿದ ಮೇಲೂ ನೋಡಿಕೋ, ಇದರಿಂದ ನನಗೋ ಬೇರೆಯವರಿಗೋ ನೋವಾಗುತ್ತಾ ಅಂತ. ನಡುವೆ ಗೊತ್ತಾದರೂ ನಿಲ್ಲಿಸು. ಈ ‘ಮಾಡುತ್ತಾ’ ಅನ್ನುವುದೇ ನನ್ನನ್ನು ಉಳಿಸಿದ್ದು. ಶೀಟನ್ನು ಅರ್ಧ ಎಳೆದಾಗಲೂ ಕೈ ನಿಲ್ಲಿಸಬಹುದು.

ಆಮೇಲೆ ನಾನು ಮಾಡಿದ್ದು ಇಷ್ಟೇ. ಮಂಚದ ಕಬ್ಬಿಣದ ಮೇಲೆ ಕೈ ಇಟ್ಟು, ಅದರ ತಣುಪು ಅಂಗೈಗೆ ಗೊತ್ತಾಗುವವರೆಗೆ ನಿಲ್ಲುತ್ತಿದ್ದೆ. ‘ಅಮ್ಮಾ, ಎಡಕ್ಕೆ ತಿರುಗಿಸ್ತೀನಿ’ ಅಂತ ಹೇಳಿ ಆಮೇಲೆ ಮುಟ್ಟುತ್ತಿದ್ದೆ. ಸಿಟ್ಟು ಬರುತ್ತಲೇ ಇತ್ತು. ಆದರೆ ಅದು ಕೈಗೆ ಇಳಿಯುವ ಮೊದಲೇ ನನಗೆ ಗೊತ್ತಾಗುತ್ತಿತ್ತು. ಎಷ್ಟೋ ದಿನ ಕಳೆದು, ಒಂದು ಬೆಳಗ್ಗೆ ಹೊರಳಿಸುವಾಗ ಅಮ್ಮ ತಾನಾಗಿ ನನ್ನ ಹೆಗಲು ಹಿಡಿದುಕೊಂಡಳು.

ಶುಕ್ರವಾರ ರಾತ್ರಿ ಬಸ್ಸಿಗೆ ಹೊರಡುತ್ತೇನೆ. ಎರಡು ರಾತ್ರಿ ನಾನು ಅಪ್ಪನ ಹತ್ತಿರ ಇರುತ್ತೇನೆ, ನೀನು ಒಳಗಿನ ರೂಮಿನಲ್ಲಿ ಬಾಗಿಲು ಹಾಕಿಕೊಂಡು ನಿದ್ದೆ ಮಾಡು. 2 ಗಂಟೆಗೊಮ್ಮೆ ಮಗ್ಗುಲು ಬದಲಾಯಿಸುವುದು ನನಗೆ ಗೊತ್ತು. ಬೆಳಗ್ಗೆ ಮೈ ತೊಳೆಸುವಾಗ ಎಬ್ಬಿಸುತ್ತೇನೆ. ತಲೆ ಕಡೆ ನೀನು ಹಿಡಿ, ಕಾಲ ಕಡೆ ನಾನು ಹಿಡಿಯುತ್ತೇನೆ.

ನಿನ್ನ ಗೆಳೆಯ